ಹೊಸ ಎಲೆಯ ಬೆಲೆ

ನಮ್ಮ ಬಾಲ್ಯದಲ್ಲಿ ಮನೆಯೊಳಗೆ ಇಸ್ಪೀಟಿನ ಹೆಸರೆತ್ತುವಂತಿರಲಿಲ್ಲ. ಅದು ಮನೆಹಾಳರ ಆಟವೆಂದು ನಮ್ಮ ತಂದೆಯವರ ಖಚಿತ ನಂಬಿಕೆ. ಅಂಥವರ ಮಗನಾದ ನಾನು ಈ ಇಳಿವಯಸ್ಸಿನಲ್ಲಿ ಎಲೆಯಾಟದ ಬಗ್ಗೆ ಬರೆಯಹೊರಟಿದ್ದೇನೆಂದರೆ ಬಂಧುಗಳು ನಗಬಹುದು. ನನ್ನ ವಿದ್ಯಾರ್ಥಿಗಳಾಗಿದ್ದವರು ಮಾತ್ರ ಕೊನೆಯವರೆಗೆ ಓದಬೇಕೆಂದು ಕೋರುತ್ತೇನೆ.

ದಸರಾ ರಜೆಗೆ ಬಂದಿದ್ದ ನನ್ನ ಮಗ ಕಂಪ್ಯೂಟರಿನಲ್ಲಿ ಹಾರ್ತ್‌ಸ್ಟೋನ್ ಎಂಬ ಆಟವನ್ನಾಡುತ್ತಿದ್ದ. ಅಮೆರಿಕದ ಬ್ಲಿಜಾರ್ಡ್ ಕಂಪನಿ ಇದನ್ನು 2014ರ ಮಾರ್ಚಿನಲ್ಲಿ ಹೊರತಂದಿತು. ಇಬ್ಬರ ನಡುವಿನ ಆಟ. ಒಬ್ಬೊಬ್ಬರೂ ತಾವೇ ಆರಿಸಿ ಜೋಡಿಸಿದ 30 ಎಲೆಗಳ ಕಟ್ಟನ್ನು ಹಿಡಿದು ಬರುತ್ತಾರೆ. ಪ್ರತಿಯೊಂದು ಎಲೆಗೂ ಒಂದು ಬೆಲೆ; ಕಾದಾಡುವ ಎಲೆಗಳಿಗೆ ಇಷ್ಟು ಹೊಡೆತ, ಇಷ್ಟು ಆಯುಸ್ಸು ಎಂಬ ಲೆಕ್ಕ. ವರ್ಷಕ್ಕೆ ಕೆಲವು ಬಾರಿ ಹೊಸ ಎಲೆಗಳ ಕಂತು ಬರುತ್ತದೆ. ಅವು ಕೈಗೆ ಸಿಗುವ ಮೊದಲೇ ಆಟಗಾರರು ಒಂದೊಂದಕ್ಕೂ ಅಂಕ ಕೊಟ್ಟುಬಿಡುತ್ತಾರಂತೆ. ಇದನ್ನು ಕೇಳಿದಾಗ ನನಗೆ ಶಾಲೆ ತೆರೆಯುವ ಜೂನ್ ತಿಂಗಳು ನೆನಪಾಯಿತು.

"ಆ ಅಂಕಗಳು ಸರಿಯಾಗುತ್ತವೆಯೇ?" ಎಂದು ಕೇಳಿದೆ. ಮಗ ನಕ್ಕು, ಡಾಕ್ಟರ್ ಬೂಮ್ ಎಂಬ ಎಲೆಯ ಕಥೆ ಹೇಳಿದ. ಅದು ಬಂದದ್ದು 2014ರ ಡಿಸೆಂಬರಿನಲ್ಲಿ. ಬೆಲೆ 7, ಹೊಡೆತ 7, ಆಯುಸ್ಸು 7. ಜೊತೆಗೆ ಎರಡು ಪುಟ್ಟ ಯಂತ್ರಗಳು. ಅವು ಸಾಯುವಾಗ ಎದುರಾಳಿಯ ಕಡೆಗೆ 1ರಿಂದ 4ರವರೆಗೆ ಪೆಟ್ಟು ಕೊಡುತ್ತವೆ. ಇದು ಸಾಧಾರಣವೆಂದು ತಿಳಿದವರು ಹಲವರು, ನನ್ನ ಮಗನೂ ಅವರಲ್ಲೊಬ್ಬ. ಆದರೆ ಆಟ ಶುರುವಾದ ಮೇಲೆ ಎಲ್ಲಿ ನೋಡಿದರೂ ಅದೇ ಎಲೆ! ಒಂದು ಯಂತ್ರದ ಸರಾಸರಿ ಪೆಟ್ಟು ಎರಡೂವರೆ, ಎರಡಕ್ಕೆ ಐದು. ಇಷ್ಟು ಸುಲಭದ ಲೆಕ್ಕವನ್ನೂ ಜನ ಹಗುರವಾಗಿ ಕಂಡಿದ್ದರು.

ಗ್ರಿಮ್ ಪೇಟ್ರನ್ ಎಂಬ ಎಲೆಯ ಕಥೆ ಇನ್ನೂ ಸೊಗಸು. ಅದು 2015ರ ಏಪ್ರಿಲಿನದು. ಬೆಲೆ 5, ಹೊಡೆತ 3, ಆಯುಸ್ಸು 3. ಒಂಟಿಯಾಗಿ ನೋಡಿದರೆ ಬಡಪಾಯಿ. ಆದರೆ ಪೆಟ್ಟು ತಿಂದು ಬದುಕಿದಾಗಲೆಲ್ಲ ತನ್ನಂಥ ಇನ್ನೊಬ್ಬನನ್ನು ಕರೆತರುತ್ತದೆ. ವಾರ್‌ಸಾಂಗ್ ಕಮಾಂಡರ್ ಎಂಬ ಹಳೆಯ ಎಲೆ ಪಕ್ಕದಲ್ಲಿದ್ದರೆ, ಹೀಗೆ ಬಂದವರೆಲ್ಲ ಆಗ ಬಂದ ಸರದಿಯಲ್ಲೇ ಹೊಡೆಯಬಲ್ಲವರಾಗಿದ್ದರು. ಅಲ್ಲಿಯವರೆಗೆ ಮೂಲೆಯಲ್ಲಿದ್ದ ಹಳೆಯ ಎಲೆ ಹೊಸಬನ ಸಹವಾಸದಿಂದ ಭಯಂಕರವಾಯಿತು. ಎಲೆಯ ಬೆಲೆ ಅದರ ಮೈಮೇಲೆ ಬರೆದ ಅಂಕಿಗಳಲ್ಲಿಲ್ಲ, ಅದು ಸೇರಿದ ಕಟ್ಟಿನಲ್ಲಿದೆ.

ಈಗ ಸಾವಿರಾರು ಆಟಗಳ ಫಲಿತಾಂಶವನ್ನು ಕಲೆಹಾಕಿ, ಎಲೆಗೊಂದರಂತೆ ಗೆಲುವಿನ ಶೇಕಡಾವಾರನ್ನು ತೋರಿಸುವ ಜಾಲತಾಣಗಳಿವೆ. ಗಣಿತದ ಮೇಷ್ಟರಾದ ನನಗೆ ಅಲ್ಲೂ ಸಂಶಯ. ಗೆಲುವು ಖಚಿತವಾದ ಮೇಲಷ್ಟೇ ಇಳಿಸುವ ಎಲೆಯ ಶೇಕಡಾವಾರು ಹೆಚ್ಚಿರುವುದು ಸಹಜ. ಗೆಲ್ಲಿಸಿದ್ದು ಅದಲ್ಲ, ಗೆದ್ದಾಗ ಅದು ಅಲ್ಲಿತ್ತು. ಮೊದಲ ವಾರದ ಅಂಕಿಗಳನ್ನೂ ನಂಬುವಂತಿಲ್ಲ, ಏಕೆಂದರೆ ಎದುರಾಳಿಗಳೆಲ್ಲ ಇನ್ನೂ ಪ್ರಯೋಗ ಮಾಡುತ್ತಿರುತ್ತಾರೆ. ನೂರು ಆಟಗಳಲ್ಲಿ 55 ಗೆಲುವು ಬಂದರೂ ಹಿಗ್ಗಬೇಕಿಲ್ಲ. ನಾಣ್ಯವನ್ನು ನೂರು ಸಲ ಚಿಮ್ಮಿದರೂ, ಸುಮಾರು ಐದು ಪ್ರಯತ್ನಗಳಲ್ಲೊಮ್ಮೆ 55 ಅಥವಾ ಅದಕ್ಕಿಂತ ಹೆಚ್ಚು ತಲೆ ಬೀಳುತ್ತದೆ.

ಇದನ್ನೆಲ್ಲ ಮಗನಿಗೆ ಉತ್ಸಾಹದಿಂದ ವಿವರಿಸುತ್ತಿದ್ದವನು ನಡುವೆಯೇ ಸುಮ್ಮನಾದೆ. ಒಂದೇ ಒಂದು ಕಿರುಪರೀಕ್ಷೆಯ ಅಂಕ ನೋಡಿ ಹುಡುಗನೊಬ್ಬನನ್ನು 'ಬಿ' ವಿಭಾಗಕ್ಕೆ ತಳ್ಳಿದವನು ನಾನೇ ಅಲ್ಲವೇ?

ತೊಂಬತ್ತರ ದಶಕದ ಮಾತು. ಎಂಟನೆಯ ತರಗತಿಗೆ ಹಳ್ಳಿಯಿಂದ ಬಂದಿದ್ದ ಹುಡುಗ. 25ಕ್ಕೆ 7 ಅಂಕ. ಪಟ್ಟಿ ಬರೆದವನು ನಾನು. ನಾಲ್ಕು ತಿಂಗಳ ನಂತರ, ಸಹೋದ್ಯೋಗಿಯೊಬ್ಬರು ರಜೆಯಲ್ಲಿದ್ದಾಗ, ಅವರ ಬದಲಿಗೆ 'ಬಿ' ವಿಭಾಗಕ್ಕೆ ಹೋದೆ. ಬಾಗಿಲಲ್ಲೇ ನಿಂತೆ. ಆ ಹುಡುಗ ಕಪ್ಪುಹಲಗೆಯ ಮುಂದೆ ನಿಂತು, ತನ್ನ ಮನೆಯವರು ಮಾಡಿದ್ದ ಸಾಲ ವರ್ಷದಿಂದ ವರ್ಷಕ್ಕೆ ಹೇಗೆ ಬೆಳೆಯಿತೆಂಬುದನ್ನು ಬರೆದು, ಚಕ್ರಬಡ್ಡಿಯನ್ನು ಗೆಳೆಯರಿಗೆ ಅರ್ಥ ಮಾಡಿಸುತ್ತಿದ್ದ. ಹಿಂದಿನ ಬೆಂಚಿನವರೂ ಕಣ್ಣರಳಿಸಿ ಕೇಳುತ್ತಿದ್ದರು. ನಾನೂ ಅಷ್ಟು ಚೆನ್ನಾಗಿ ಪಾಠ ಮಾಡಿರಲಿಲ್ಲ.

ಅಂದೇ ಮುಖ್ಯೋಪಾಧ್ಯಾಯರ ಬಳಿ ಹೋಗಿ ನನ್ನ ಪಟ್ಟಿ ತಪ್ಪೆಂದು ಹೇಳಬಹುದಿತ್ತು. ಹೇಳಲಿಲ್ಲ. ವರ್ಷದ ನಡುವೆ ಬದಲಾಯಿಸುವುದು ಕಷ್ಟವೆಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ನಿಜವಾದ ಕಾರಣ ಬೇರೆ: ನನ್ನ ಸಹಿಯನ್ನು ನಾನೇ ಹೊಡೆದುಹಾಕಲು ನಾಚಿಕೆ.

ಆಟದವರಿಗೆ ಆ ನಾಚಿಕೆಯಿಲ್ಲ. 2014ರ ಜುಲೈನಲ್ಲಿ ಬಂದ ಅಂಡರ್‌ಟೇಕರ್ ಎಂಬ ಎಲೆ ಅತಿಯಾಯಿತೆಂದು ತಿಳಿದಾಗ 2015ರ ಜನವರಿಯಲ್ಲಿ ಅದರ ಬಲ ತಗ್ಗಿಸಿದರು. ಆ ಹಳೆಯ ಕಮಾಂಡರನ್ನು ಅದೇ ವರ್ಷದ ಅಕ್ಟೋಬರಿನಲ್ಲಿ ತಿದ್ದಿದರು. ತಾವೇ ಬರೆದದ್ದನ್ನು ಎಲ್ಲರೆದುರು ತಿದ್ದಿಕೊಂಡರು.

ಹೊರಡುವ ದಿನ ಮಗ ಹೊಸ ಎಲೆಯೊಂದನ್ನು ತೋರಿಸಿ, "ಅಪ್ಪಾ, ಹತ್ತಕ್ಕೆ ಎಷ್ಟು ಕೊಡುತ್ತೀರಿ?" ಎಂದ. "ಒಂದು ತಿಂಗಳು ಆಡಿ ನೋಡು, ಆಮೇಲೆ ಹೇಳುತ್ತೇನೆ" ಎಂದೆ.

ಆ ಹುಡುಗ ಈಗ ಎಲ್ಲಿರುವನೋ ತಿಳಿಯದು. ಈ ಬರಹ ಅವನ ಕಣ್ಣಿಗೆ ಬಿದ್ದರೆ ಇಷ್ಟು ಹೇಳಬೇಕು: ಅಪ್ಪಾ, ಆ ಪಟ್ಟಿಯನ್ನು ಬರೆದವನು ನಾನು. ಅದು ತಪ್ಪಾಗಿತ್ತು. ತಪ್ಪೆಂದು ಅದೇ ವರ್ಷ ನನಗೆ ತಿಳಿದೂ ಇತ್ತು.