ಸೊನೆ ತಾಗಿದ ಮೂರನೇ ದಿನ

ಮಾವಿನಕಾಯಿ ಕೊಯ್ದು ರೂಢಿಯಿರುವವರು ತೊಟ್ಟನ್ನು ಮುಖದ ಕಡೆ ಹಿಡಿದು ಮುರಿಯುವುದಿಲ್ಲ. ಮುರಿದೊಡನೆ ಚಿಮ್ಮುವ ಸೊನೆ ಒಗ್ಗದವರ ಕೆನ್ನೆಗೆ ತಾಗಿದರೆ, ಒಂದೆರಡು ದಿನ ಕಳೆದು ಆ ಜಾಗ ಕೆಂಪಗೆ ಉಬ್ಬುತ್ತದೆ, ನೀರುಗುಳ್ಳೆಗಳು ಏಳುತ್ತವೆ, ಕಡಿತ ಶುರುವಾಗುತ್ತದೆ. ಅಷ್ಟು ಹೊತ್ತಿಗೆ ಕಾಯಿ ಉಪ್ಪಿನಕಾಯಿ ಭರಣಿ ಸೇರಿರುತ್ತದೆ, ಸೊನೆ ಮರೆತೇ ಹೋಗಿರುತ್ತದೆ. ತಪ್ಪು ಹಿಂದಿನ ದಿನ ತಿಂದ ಬದನೆಕಾಯಿಯ ತಲೆಗೆ ಬರುತ್ತದೆ, ಅದು ನಂಜು ಎಂದು.

ಗಿಡದ ತುರಿಕೆಯನ್ನು ಪತ್ತೆ ಹಚ್ಚಲು ಮೊದಲು ಕೇಳಬೇಕಾದ್ದು ಅದು ಯಾವಾಗ ಶುರುವಾಯಿತು ಎಂದು. ನಸುಗುನ್ನಿ ಕಾಯಿಯ ಸುಂಕು ಮೈಗೆ ಬಿದ್ದರೆ ನಿಮಿಷಗಳಲ್ಲೇ ಉರಿ, ತುರಿಕೆ. ಅದರ ರೋಮಗಳಲ್ಲಿರುವ ಮ್ಯೂಕುನೈನ್ ಎಂಬ ಕಿಣ್ವ ನೇರವಾಗಿ ನರದ ತುದಿಗಳನ್ನು ಕೆಣಕುತ್ತದೆ. ಅಲರ್ಜಿ ಇಲ್ಲದವರನ್ನೂ ಬಿಡುವುದಿಲ್ಲ. ಉಜ್ಜಿದರೆ ಸುಂಕು ಇನ್ನಷ್ಟು ಒಳಕ್ಕೆ ಹೋಗುತ್ತದೆ. ಅಂಟುಪಟ್ಟಿ ಒತ್ತಿ ಕಿತ್ತು, ಸೋಪು ಹಾಕಿ ತೊಳೆದರೆ ಸಾಮಾನ್ಯವಾಗಿ ಕೆಲವು ಗಂಟೆಗಳಲ್ಲಿ ಇಳಿಯುತ್ತದೆ.

ಸೊನೆಯ ಕಥೆಯೇ ಬೇರೆ. ಮಾವು, ಗೋಡಂಬಿ ಕೊಡುವ ಗೇರು, ಕಾಡಿನ ಕರಿಗೇರು, ಅಮೆರಿಕದ ಪಾಯ್ಸನ್ ಐವಿ ಬಳ್ಳಿ ಎಲ್ಲವೂ ಒಂದೇ ಸಸ್ಯಕುಟುಂಬದವು. ಇವುಗಳಲ್ಲಿ ಉರುಶಿಯಾಲ್ ಇಲ್ಲವೇ ಅದನ್ನು ಹೋಲುವ ಎಣ್ಣೆಯಂಥ ವಸ್ತುಗಳಿವೆ. ಒಂದಕ್ಕೆ ಒಗ್ಗದ ಮೈಗೆ ಇನ್ನೊಂದೂ ಒಗ್ಗದಿರಬಹುದು. ಮೊದಲ ಸಲ ತಾಗಿದಾಗ ಏನೂ ಆಗದೆ ಹೋಗಬಹುದು. ದೇಹದ ರಕ್ಷಣಾ ಕಣಗಳು ಅದನ್ನು ಶತ್ರುವೆಂದು ನೆನಪಿಟ್ಟುಕೊಂಡು, ಮತ್ತೊಮ್ಮೆ ತಾಗಿದಾಗ ಸಿದ್ಧವಾಗಿ ಎರಗುತ್ತವೆ. ಹಾಗೆ ಎರಗಲು ಅವಕ್ಕೆ ಒಂದೆರಡು ದಿನ ಬೇಕು.

ಅಗಸರು ಬಟ್ಟೆ ಅದಲುಬದಲಾಗದಂತೆ ಕರಿಗೇರಿನ ರಸದಿಂದ ಗುರುತು ಹಾಕುತ್ತಿದ್ದರು; ಎಷ್ಟು ಒಗೆದರೂ ಹೋಗದ ಕಪ್ಪು. ಎರಡನೇ ಮಹಾಯುದ್ಧದ ಕಾಲದಲ್ಲಿ ಭಾರತದಲ್ಲಿದ್ದ ಅಮೆರಿಕದ ಸೈನಿಕರಿಗೆ ಗುರುತು ತಾಗುವ ಜಾಗಕ್ಕೆ ಸರಿಯಾಗಿ ತುರಿಕೆಯ ಬೊಕ್ಕೆಗಳೆದ್ದವು. 1943ರಲ್ಲಿ ವೈದ್ಯರು ಇದನ್ನು ದಾಖಲಿಸಿ ‘ಧೋಬಿ ಮಾರ್ಕ್ ಡರ್ಮಟೈಟಿಸ್’ ಎಂದು ಕರೆದರು. ಬಟ್ಟೆಯನ್ನು ಒಳಮಗ್ಗುಲು ಮಾಡಿ ನೋಡಿದವರಿಗಷ್ಟೇ ಈ ಕಾಯಿಲೆಯ ಮೂಲ ಸಿಗುತ್ತಿತ್ತು.

ಗುಳ್ಳೆ ಒಡೆದು ಸೋರುವ ನೀರಿನಿಂದ ತುರಿಕೆ ಹರಡುತ್ತದೆ ಎಂಬ ಹೆದರಿಕೆ ಬೇಡ. ತೆಳು ಚರ್ಮದಲ್ಲಿ ಬೇಗ, ದಪ್ಪ ಚರ್ಮದಲ್ಲಿ ತಡವಾಗಿ ಏಳುವುದರಿಂದ ಹಾಗೆ ಕಾಣುತ್ತದೆ. ನಿಜವಾಗಿ ಹರಡುವುದು ತೊಳೆಯದ ಎಣ್ಣೆ: ಉಗುರಿನ ಸಂದಿಯಲ್ಲಿ, ಅಂಗಿಯ ತೋಳಿನಲ್ಲಿ, ಕತ್ತಿಯ ಹಿಡಿಯಲ್ಲಿ ಕೂತದ್ದು. ತಾಗಿದ ಕೂಡಲೇ ಸೋಪು, ನೀರಿನಿಂದ ತೊಳೆದರೆ ಅರ್ಧ ಗೆದ್ದಂತೆ. ಆಮೇಲೆ ತಣ್ಣೀರಿನ ಬಟ್ಟೆ, ಕ್ಯಾಲಮೈನ್ ಲೋಷನ್, ವೈದ್ಯರು ಹೇಳಿದ ಸ್ಟೆರಾಯ್ಡ್ ಮುಲಾಮು. ಮುಖ, ಕಣ್ಣು ಊದಿಕೊಂಡರೆ ಅಥವಾ ಮೈತುಂಬ ಎದ್ದರೆ ಮಾತ್ರೆಯೇ ಬೇಕು. ಅದನ್ನು ವೈದ್ಯರು ಹೇಳಿದಷ್ಟು ದಿನ ನುಂಗಿ, ನಿಧಾನವಾಗಿ ಇಳಿಸಬೇಕು. ನಾಲ್ಕೈದು ದಿನಕ್ಕೇ ಬಿಟ್ಟವರಿಗೆ ತುರಿಕೆ ಮರಳಿ ಬರುವುದುಂಟು. ಅಂಗಡಿಯವರು ಕೊಟ್ಟ, ಸ್ಟೆರಾಯ್ಡ್ ಬೆರೆಸಿದ ಟ್ಯೂಬನ್ನು ತಿಂಗಳುಗಟ್ಟಲೆ ಮುಖಕ್ಕೆ ಹಚ್ಚಿ ಚರ್ಮವನ್ನೇ ತೆಳುವಾಗಿಸಿಕೊಂಡವರನ್ನು ಕಂಡರೆ ಸಂಕಟವಾಗುತ್ತದೆ.

ಎಲ್ಲಕ್ಕಿಂತ ಹೆಚ್ಚು ಸತಾಯಿಸುವುದು ಕಾಂಗ್ರೆಸ್ ಗಿಡ. ಪುಣೆಯಲ್ಲಿ 1950ರ ದಶಕದಲ್ಲಿ ಕಂಡ ಈ ಪಾರ್ಥೇನಿಯಂ ಈಗ ಕರ್ನಾಟಕದ ಬದು, ಖಾಲಿ ಸೈಟು, ರೈಲು ಹಳಿ ಎಲ್ಲೆಡೆ ಇದೆ. ಇದನ್ನು ಮುಟ್ಟಲೇಬೇಕೆಂದಿಲ್ಲ, ಒಣಗಿದ ಪುಡಿ ಗಾಳಿಯಲ್ಲಿ ಬಂದು ಕೂತರೂ ಸಾಕು. ಹೊಲದಲ್ಲಿ ದುಡಿಯುವವರ ಮುಖ, ಕುತ್ತಿಗೆ, ಮೊಣಕೈ ಮಡಿಕೆ ಕಪ್ಪಾಗಿ ದಪ್ಪಗಟ್ಟಿದಾಗ ಬಿಸಿಲಿನದೆಂದು ಸುಮ್ಮನಾಗುತ್ತಾರೆ. ಆದರೆ ಗಲ್ಲದ ಕೆಳಗೆ, ಕಿವಿಯ ಹಿಂದೆ, ಮೇಲಿನ ರೆಪ್ಪೆಯಲ್ಲಿ ಬಿಸಿಲು ಬೀಳುವುದು ಕಡಿಮೆ. ಪುಡಿ ಅಲ್ಲೂ ಹೋಗಿ ಕೂರುತ್ತದೆ. ಅಲ್ಲೂ ತುರಿಕೆಯಿದ್ದರೆ ಗಿಡದ ಮೇಲೆ ಅನುಮಾನ ಪಡಬೇಕು; ಬೆನ್ನಿಗೆ ಪಟ್ಟಿ ಅಂಟಿಸಿ ಎರಡು ದಿನ ಬಿಟ್ಟು ನೋಡುವ ಪ್ಯಾಚ್ ಟೆಸ್ಟ್ ಅದನ್ನು ಖಚಿತಪಡಿಸುತ್ತದೆ.

ಮೆಕ್ಸಿಕೋದಿಂದ ತಂದ ಜೈಗೊಗ್ರಾಮ ಜೀರುಂಡೆಯನ್ನು 1984ರಲ್ಲಿ ಬೆಂಗಳೂರಿನಲ್ಲಿ ಈ ಗಿಡದ ಮೇಲೆ ಬಿಡಲಾಯಿತು. ಮಳೆಗಾಲದಲ್ಲಿ ಅದು ಎಲೆಗಳನ್ನು ಬೋಳು ಮಾಡುತ್ತದೆ, ಬೇಸಿಗೆಯಲ್ಲಿ ಮಣ್ಣಿಗಿಳಿದು ಮಲಗುತ್ತದೆ. ಆದ್ದರಿಂದ ಹೂ ಬಿಡುವ ಮುನ್ನ, ಕೈಗವಸು ಹಾಕಿ, ಬೇರುಸಹಿತ ಕೀಳುವ ಕೆಲಸ ತಪ್ಪಿಲ್ಲ. ಅದನ್ನು ತುರಿಕೆ ಬಂದವರಿಂದ ಮಾತ್ರ ಮಾಡಿಸಕೂಡದು. ಮನೆಯ ಬೇರೆಯವರು, ಪಂಚಾಯಿತಿಯವರು ಮುಂದಾಗಿ ಕೀಳಬೇಕು.