ತಿರುಗಿ ಕೊಂಡ ಜೋಳ

ದೀಪಾವಳಿಯ ದಿನ ಬಸದಿಯಲ್ಲಿ ಮಹಾವೀರ ನಿರ್ವಾಣದ ಪೂಜೆ ಮುಗಿಸಿ ಬಂದ ಮೇಲೆ ಹೊಸ ಕೀರ್ದಿಗೆ ಪೂಜೆ ಮಾಡುವುದು ನಮ್ಮ ಮನೆಯ ರೂಢಿ. ಅದಕ್ಕೂ ಎರಡು ದಿನ ಮೊದಲೇ ಅಂಗಡಿಯ ಅಟ್ಟದ ಮೇಲಿನ ಹಳೆಯ ಲೆಕ್ಕದ ಪುಸ್ತಕಗಳನ್ನು ಇಳಿಸಿ, ಧೂಳು ಜಾಡಿಸಿ, ಬಿಸಿಲಿಗೆ ಇಡುತ್ತೇವೆ. ಸೋಲಾಪುರ ಜಿಲ್ಲೆಯ ಅಕ್ಕಲಕೋಟೆ ಸೀಮೆಯಲ್ಲಿ ನಮ್ಮದು ಮೂರು ತಲೆಮಾರಿನ ಅಡತಿ ಅಂಗಡಿ. ಪುಸ್ತಕಗಳೂ ಹಾಗೆಯೇ ರಾಶಿ ಬಿದ್ದಿವೆ.

ಕೆಲವು ವರ್ಷಗಳ ಹಿಂದೆ ಈ ಕೆಲಸಕ್ಕೆ ನಮ್ಮ ಅಣ್ಣನವರ ಮಗಳು ಕೈಗೂಡಿಸಿದಳು. ಅವಳು ಪುಣೆಯಲ್ಲಿ ಅರ್ಥಶಾಸ್ತ್ರ ಓದುತ್ತಿದ್ದಳು. 1985ರ ಪುಸ್ತಕ ತಿರುವುತ್ತಿದ್ದವಳು ಒಂದು ಕಡೆ ನಿಂತುಬಿಟ್ಟಳು.

"ಕಾಕಾ, ಇವರು ಫಾಲ್ಗುಣದಾಗ ಹದಿನಾಲ್ಕ ಚೀಲ ಜೋಳಾ ಮಾರ್ಯಾರ. ಶ್ರಾವಣದಾಗ ಇವರ ಹೆಸರಿಗೇ ಐದ ಚೀಲ ಖರೀದಿ ಅದ, ಅದೂ ಕಾಲು ಪಾಲು ತುಟ್ಟಿ. ತಮ್ಮ ಜೋಳಾನ ತಾವ ಯಾಕ ತಿರಗಿ ಕೊಂಡ್ರು?"

ನಾವು ನಕ್ಕೆವು. "ರೈತರ ಹಣೇಬಾರನ ಹಂಗವ್ವಾ. ಸುಗ್ಗಿಯಾಗ ತಡಕೋಳೂದಿಲ್ಲ, ಆಮ್ಯಾಲ ಪರದಾಡತಾರ" ಎಂದೆವು. ನಮ್ಮ ಅಂಗಡಿಯಲ್ಲಿ ಮೂರು ತಲೆಮಾರಿನಿಂದ ಹೇಳಿಕೊಂಡು ಬಂದ ಮಾತು ಅದು. ರೈತನಿಗೆ ತಾಳ್ಮೆ ಇಲ್ಲ, ಧೈರ್ಯ ಇಲ್ಲ, ನಾಳೆಯ ಲೆಕ್ಕ ತಿಳಿಯದು ಎಂದು ನಾವೆಲ್ಲ ನಂಬಿದ್ದೆವು. ಅವಳು ನಗಲಿಲ್ಲ. ರಾತ್ರಿ ಊಟವಾದ ಮೇಲೆ ತನ್ನ ಚೀಲದಿಂದ ಒಂದು ದಪ್ಪ ಪುಸ್ತಕ ತಂದು ನಮ್ಮ ಮುಂದಿಟ್ಟಳು. ಅದರಲ್ಲಿ ಇದ್ದದ್ದು ನಮ್ಮದೇ ಜಿಲ್ಲೆಯ ಹಳ್ಳಿಗಳ ಸುದ್ದಿ.

ಹೈದರಾಬಾದಿನ ಹತ್ತಿರ ಪಟಾನ್‌ಚೆರುವಿನಲ್ಲಿ 1972ರಲ್ಲಿ ಇಕ್ರಿಸ್ಯಾಟ್ ಎಂಬ ಅಂತರರಾಷ್ಟ್ರೀಯ ಒಣಬೇಸಾಯ ಸಂಶೋಧನ ಸಂಸ್ಥೆ ಸ್ಥಾಪನೆಯಾಯಿತು. ಅದು 1975ರಿಂದ ಆರು ಹಳ್ಳಿಗಳನ್ನು ಆರಿಸಿಕೊಂಡು ಅಧ್ಯಯನಕ್ಕೆ ತೊಡಗಿತು. ಆರರಲ್ಲಿ ಎರಡು, ಶಿರಾಪುರ ಮತ್ತು ಕಲಮಣ, ಸೋಲಾಪುರ ಜಿಲ್ಲೆಯವು. ಪ್ರತಿ ಹಳ್ಳಿಯಲ್ಲಿ ನಲವತ್ತು ಕುಟುಂಬಗಳು: ಮೂವತ್ತು ಒಕ್ಕಲು ಮನೆ, ಹತ್ತು ಭೂಮಿ ಇಲ್ಲದ ಕೂಲಿ ಮನೆ. ಲೆಕ್ಕ ಬರೆಯುವವರು ಆ ಹಳ್ಳಿಯಲ್ಲಿಯೇ ವಾಸಮಾಡಿ, ಕೆಲವು ವಾರಗಳಿಗೊಮ್ಮೆ ಮನೆಮನೆಗೆ ಹೋಗಿ, ಏನು ಬಿತ್ತಿದರು, ಎಷ್ಟು ಬೆಳೆದರು, ಯಾವಾಗ ಮಾರಿದರು, ಎಷ್ಟು ಸಾಲ ತಂದರು ಎಂಬುದನ್ನೆಲ್ಲ ಬರೆದುಕೊಂಡರು. ಕೆಲವು ಹಳ್ಳಿಗಳಲ್ಲಿ ಈ ಕೆಲಸ ಹತ್ತು ವರ್ಷ ನಡೆಯಿತು. ಥಾಮಸ್ ವಾಕರ್ ಮತ್ತು ಜೇಮ್ಸ್ ರಯಾನ್ ಎಂಬವರು 1990ರಲ್ಲಿ ಇದನ್ನೆಲ್ಲ ಒಂದು ಗ್ರಂಥವಾಗಿ ಹೊರತಂದರು. ನಮ್ಮ ಕೀರ್ದಿಯಲ್ಲಿ ರೈತ ಅಂಗಡಿಯ ಮೆಟ್ಟಿಲು ಹತ್ತಿದ ಮೇಲಿನ ಲೆಕ್ಕ ಮಾತ್ರ ಇರುತ್ತದೆ. ಮೆಟ್ಟಿಲು ಹತ್ತುವ ಮುಂಚಿನ ಲೆಕ್ಕವನ್ನು ಇವರು ಬರೆದಿದ್ದರು.

ಅದರಲ್ಲಿ ಒಂದು ಪ್ರಯೋಗ ನಮ್ಮನ್ನು ತುಂಬಾ ಯೋಚನೆಗೆ ಹಚ್ಚಿತು. ಹ್ಯಾನ್ಸ್ ಬಿನ್ಸ್‌ವಾಂಗರ್ ಎಂಬ ಅರ್ಥಶಾಸ್ತ್ರಜ್ಞರು ಈ ಹಳ್ಳಿಗಳ ಜನರೊಂದಿಗೆ ನಿಜವಾದ ಹಣವಿಟ್ಟು ನಾಣ್ಯ ಚಿಮ್ಮುವ ಆಟ ಆಡಿಸಿದರು. ಅದರ ಫಲಿತಾಂಶ 1980ರಲ್ಲಿ ಪ್ರಕಟವಾಯಿತು. ಇದು ಸಪ್ತವ್ಯಸನದ ಜೂಜಲ್ಲ. ಆಡುವವರು ಕೈಯಿಂದ ಬಿಡಿಗಾಸನ್ನೂ ಹಾಕಬೇಕಾಗಿರಲಿಲ್ಲ. ಒಂದು ಆಯ್ಕೆಯಲ್ಲಿ ನಾಣ್ಯ ಹೇಗೆ ಬಿದ್ದರೂ 50 ಪೈಸೆ ಖಂಡಿತ. ಕೊನೆಯ ಆಯ್ಕೆಯಲ್ಲಿ ಒಂದು ಮುಖ ಬಿದ್ದರೆ 2 ರೂಪಾಯಿ, ಇನ್ನೊಂದು ಬಿದ್ದರೆ ಸೊನ್ನೆ. ನಡುವೆ ಬೇರೆ ಬೇರೆ ಆಯ್ಕೆಗಳು. ಆಮೇಲೆ ಖಂಡಿತ ಸಿಗುವ ಮೊತ್ತವನ್ನು 5 ರೂಪಾಯಿಗೆ, 50 ರೂಪಾಯಿಗೆ ಏರಿಸುತ್ತ ಹೋದರು. ಆಗಿನ ಕೂಲಿಯವನಿಗೆ 50 ರೂಪಾಯಿ ಎಂದರೆ ಹಲವು ದಿನಗಳ ದುಡಿಮೆ.

ಬಡವರು ಅಂಜುಬುರುಕರು, ಉಳ್ಳವರು ಧೈರ್ಯವಂತರು ಎಂದು ನಾವಾದರೆ ಹೇಳುತ್ತಿದ್ದೆವು. ಆದರೆ ಮೊತ್ತ ದೊಡ್ಡದಾದಾಗ ಬಹುಪಾಲು ಎಲ್ಲರೂ ನಡುವಿನ ಆಯ್ಕೆಗಳ ಕಡೆಗೇ ಬಂದರು. ಆಸ್ತಿ ಹೆಚ್ಚು ಕಡಿಮೆ ಇದ್ದುದರಿಂದ ಸ್ವಭಾವದಲ್ಲಿ ಹೇಳಿಕೊಳ್ಳುವಂಥ ಅಂತರ ಕಾಣಲಿಲ್ಲ. ಹಾಗಾದರೆ ಹೊಲದಲ್ಲಿ, ಪೇಟೆಯಲ್ಲಿ ಅವರು ಬೇರೆ ಬೇರೆ ರೀತಿ ನಡೆದುಕೊಳ್ಳುವುದೇಕೆ? ಬೆನ್ನ ಹಿಂದಿನ ಆಧಾರ ಬೇರೆ ಬೇರೆ ಆಗಿರುವುದರಿಂದ. ಸಾಲ ಸಿಗುವವನು ಕಾಯುತ್ತಾನೆ, ಸಿಗದವನು ಮಾರುತ್ತಾನೆ. ಬಿನ್ಸ್‌ವಾಂಗರ್ ಅವರು ಮಾರ್ಕ್ ರೋಸೆನ್‌ಜ್ವೈಗ್ ಎಂಬವರ ಜೊತೆ 1993ರಲ್ಲಿ ಇನ್ನೊಂದು ಲೆಕ್ಕ ತೋರಿಸಿದರು. ಮುಂಗಾರು ಯಾವಾಗ ಬರುತ್ತದೋ ಎಂಬ ಅನಿಶ್ಚಿತತೆ ಇದ್ದಲ್ಲಿ, ಆಧಾರವಿಲ್ಲದ ರೈತರು ಕಡಿಮೆ ಲಾಭದ, ಆದರೆ ಮೋಸಹೋಗದ ಬೇಸಾಯವನ್ನೇ ಹಿಡಿಯುತ್ತಾರೆ. ಆ ಅನಿಶ್ಚಿತತೆ ತಕ್ಕಮಟ್ಟಿಗೆ ತಗ್ಗಿದರೂ ಅತಿ ಬಡ ರೈತರ ಲಾಭ ಸುಮಾರು ಶೇ. 35ರವರೆಗೆ ಏರಬಹುದಿತ್ತು, ಶ್ರೀಮಂತರಿಗೆ ಹೆಚ್ಚುಕಡಿಮೆ ಏನೂ ಅನಿಸುವುದಿಲ್ಲ.

ಬ್ಯಾಂಕಿನ ಆಧಾರ ಇಲ್ಲದವರು ಮತ್ತೆ ಎಲ್ಲಿ ಆಧಾರ ಹುಡುಕುತ್ತಾರೆ? ಇದೇ ಹಳ್ಳಿಗಳ ಲೆಕ್ಕ ನೋಡಿ ರೋಸೆನ್‌ಜ್ವೈಗ್ ಮತ್ತು ಓಡೆಡ್ ಸ್ಟಾರ್ಕ್ 1989ರಲ್ಲಿ ಹೇಳಿದ್ದು ನಮ್ಮ ಅವ್ವನವರಿಗೆ ಬಹಳ ಹಿಡಿಸಿತು. ಹೆಣ್ಣುಮಕ್ಕಳನ್ನು ದೂರದ ಊರಿಗೆ ಕೊಟ್ಟ ಮನೆಗಳಲ್ಲಿ, ಮಳೆ ತಪ್ಪಿದ ವರ್ಷವೂ ಊಟಕ್ಕೆ ಅಷ್ಟಾಗಿ ಕೊರತೆ ಬೀಳುತ್ತಿರಲಿಲ್ಲವಂತೆ. ಇಲ್ಲಿ ಮಳೆ ಇಲ್ಲದಾಗ ಬೀಗರ ಊರಲ್ಲಿ ಇರುತ್ತದೆ. "ಇದಕ್ಕ ಪುಸ್ತಕಾ ಯಾಕ ಬೇಕಿತ್ತ? ನನ್ನ ಕೇಳಿದ್ರ ಹೇಳತಿದ್ದೆ" ಎಂದರು ಅವ್ವ. ನಮ್ಮ ಸಮಾಜದಲ್ಲಿಯೂ ಸಾಂಗಲಿ, ಬೆಳಗಾವಿ, ವಿಜಾಪುರದ ಕಡೆ ಬೀಗತನ ಬೆಳೆಸಿದ ಹಿರಿಯರಿಗೆ ಇದು ಗೊತ್ತಿಲ್ಲದ ಮಾತಲ್ಲ.

ಅಷ್ಟರಲ್ಲಿ ನಮಗೆ 1985ರ ಆ ದಿನವೇ ನೆನಪಿಗೆ ಬಂತು. ಜೋಳ ಮಾರಿದ ಆ ರೈತರ ಹೆಸರು ಇಲ್ಲಿ ಬೇಡ. ನಾವು ಅಣ್ಣತಮ್ಮಂದಿರು ಆಗ ತಂದೆಯವರ ಕೈಕೆಳಗೆ ಕೆಲಸ ಕಲಿಯುತ್ತಿದ್ದೆವು. ಗಾಡಿ ಬಿಟ್ಟು ಆ ರೈತರು ತಂದೆಯವರ ಮುಂದೆ ಕೂತು ಹೇಳಿದ್ದು ಇಷ್ಟು:

"ಸಾವಕಾರ್ರ, ಹತ್ತ ಚೀಲ ನಿಮ್ಮ ಗೋದಾಮಿನ್ಯಾಗ ಇಟಗೋರಿ. ಈಗ ಖರ್ಚಿಗಿ ಒಂದೀಟ ರೊಕ್ಕಾ ಕೊಡ್ರಿ. ಶ್ರಾವಣದಾಗ ರೇಟ ನೋಡಿ ಮಾರೂಣು."

"ಅದು ನಮ್ಮ ಧಂದೆ ಅಲ್ಲಪ್ಪಾ. ಮಾರತಿ ಅಂದ್ರ ತೂಗಸ್ತೀನಿ. ಇಲ್ಲಂದ್ರ ಗಾಡಿ ಹೊಳ್ಳಸು" ಎಂದರು ತಂದೆಯವರು.

ಅವರು ಸ್ವಲ್ಪ ಹೊತ್ತು ಸುಮ್ಮನೆ ಕೂತು, ತೂಗಿಸಿ, ಹಣ ಎಣಿಸಿಕೊಂಡು ಹೋದರು. ಮರುವರ್ಷ ಮಳೆ ಕೈಕೊಟ್ಟಿತು. ಅವರು ಎತ್ತಿನ ಜೋಡಿಯನ್ನೇ ಮಾರಿದರೆಂದು ಸಂತೆಯಲ್ಲಿ ಕೇಳಿದೆವು. ಎತ್ತು ಹೋದ ಮೇಲೆ ಬಾಡಿಗೆ ಎತ್ತು ಸಿಕ್ಕಾಗಲೇ ಬಿತ್ತಬೇಕು. ಎರಿ ಭೂಮಿಯಲ್ಲಿ ಹಸಿ ಆರಿದ ಮೇಲೆ ಬಿತ್ತಿದ ಹಿಂಗಾರಿ ಜೋಳ ಏನು ಬಂದೀತು? ಇಕ್ರಿಸ್ಯಾಟ್ ಹಳ್ಳಿಗಳಲ್ಲಿಯೂ ಕಂಡದ್ದು ಇದೇ. ಕೆಟ್ಟ ವರ್ಷ ಎತ್ತು ಮಾರಿ ಹೊಟ್ಟೆ ಹೊರೆದವರಿಗೆ ಮುಂದಿನ ವರ್ಷದ ಇಳುವರಿಯೂ ಕುಗ್ಗುತ್ತದೆ.

ತಂದೆಯವರು ಅಣುವ್ರತ ಪಾಲಿಸಿದವರು. ತೂಕದಲ್ಲಿ ಹೆಚ್ಚುಕಡಿಮೆ ಮಾಡುವುದು, ಮಾಲಿನಲ್ಲಿ ಬೆರಕೆ ಮಾಡುವುದು ಅಚೌರ್ಯ ವ್ರತದ ಅತಿಚಾರಗಳು; ಅವು ಎರಡೂ ನಮ್ಮ ಅಂಗಡಿಯೊಳಗೆ ಕಾಲಿಡಲಿಲ್ಲ. ಆ ಬಗ್ಗೆ ಇಂದಿಗೂ ನಮಗೆ ಹೆಮ್ಮೆ ಇದೆ. ಆದರೆ ಆ ರೈತರಿಗೆ ಲೆಕ್ಕ ತಿಳಿಯದು ಎಂದು ನಾವು ಅಂದುಕೊಂಡದ್ದು ಮಾತ್ರ ತಪ್ಪು. ಅವರು ಸರಿಯಾದ ಲೆಕ್ಕ ಹಾಕಿಕೊಂಡೇ ಬಂದಿದ್ದರು. ಶ್ರಾವಣದವರೆಗೆ ಕಾಯುವ ಆಧಾರ ಮಾತ್ರ ಅವರಿಗೆ ಇರಲಿಲ್ಲ, ನಾವೂ ಕೊಡಲಿಲ್ಲ.

ವ್ಯಾಪಾರಸ್ಥನ ಪಕ್ಷದ ಮಾತನ್ನೂ ಹೇಳಬೇಕು. ಜೋಳ ಕಾದಿಟ್ಟವರೆಲ್ಲ ಲೂಟಿ ಹೊಡೆದರು ಎನ್ನುವುದೂ ಸತ್ಯವಲ್ಲ. ಉಮಾ ಲೇಲೆ ಅವರು 1967ರಲ್ಲಿ ಪಶ್ಚಿಮ ಭಾರತದ ಜೋಳದ ಬೆಲೆಗಳನ್ನು ಪರೀಕ್ಷಿಸಿದರು. 1971ರಲ್ಲಿ ಧಾನ್ಯ ವ್ಯಾಪಾರದ ಮೇಲೆ ದೊಡ್ಡ ಗ್ರಂಥವನ್ನೇ ಬರೆದರು. ಪೇಟೆಗಳ ಬೆಲೆಗಳು ಬಹುಮಟ್ಟಿಗೆ ಒಂದರ ಜೊತೆ ಒಂದು ಏರಿಳಿಯುತ್ತವೆ, ಖಾಸಗಿ ವ್ಯಾಪಾರದಲ್ಲಿ ಸ್ಪರ್ಧೆ ಇದೆ ಎಂಬುದು ಅವರ ಅಭಿಪ್ರಾಯ. ಇಟ್ಟ ಮಾಲಿಗೆ ನುಸಿ ಹತ್ತುತ್ತದೆ, ತೂಕ ಇಳಿಯುತ್ತದೆ, ಬಡ್ಡಿ ಏರುತ್ತದೆ. ತೊಗರಿಯನ್ನೇ ನೋಡಿ. 2015ರಲ್ಲಿ ಬೇಳೆ ಹಲವು ನಗರಗಳಲ್ಲಿ ಕಿಲೋಗೆ 200 ರೂಪಾಯಿ ಮುಟ್ಟಿತು. ಅದನ್ನು ನೋಡಿ ಎಲ್ಲರೂ ಬಿತ್ತಿದರು, ಮಳೆಯೂ ಒದಗಿತು. 2015-16ರಲ್ಲಿ ಸುಮಾರು 25 ಲಕ್ಷ ಟನ್ ಇದ್ದ ದೇಶದ ಬೆಳೆ 2016-17ರಲ್ಲಿ 48 ಲಕ್ಷ ಟನ್ ದಾಟಿತು. ಸರಕಾರದ ಬೆಂಬಲ ಬೆಲೆ ಕ್ವಿಂಟಲಿಗೆ 5,050 ರೂಪಾಯಿ ಇದ್ದರೂ ಪೇಟೆಯಲ್ಲಿ ಧಾರಣೆ ಅದಕ್ಕಿಂತ ಕೆಳಗೆ ಬಿತ್ತು. ಆ ವರ್ಷ ಹಳೆಯ ದಾಸ್ತಾನು ಇಟ್ಟುಕೊಂಡಿದ್ದ ನಾವೂ ಪೆಟ್ಟು ತಿಂದೆವು. ಆದರೆ ನಾವು ಅಂಗಡಿ ಮುಚ್ಚಲಿಲ್ಲ. ಆಧಾರ ಎಂದರೆ ಅದೇ.

ಆ ಹುಡುಗಿ ಮುಂದೆ ಊರಿಗೆ ಬಂದಾಗ 2019ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನವನ್ನು ತಿಳಿಸಿದಳು. ಅದು ಆಫ್ರಿಕಾದ ಕೀನ್ಯಾ ದೇಶದ ಮೆಕ್ಕೆಜೋಳದ ರೈತರದು. ಅವರೂ ಸುಗ್ಗಿಯಲ್ಲಿ ಅಗ್ಗಕ್ಕೆ ಮಾರಿ, ಮುಂದೆ ತುಟ್ಟಿಗೆ ಕೊಳ್ಳುವವರು. ಸುಗ್ಗಿಯ ಹೊತ್ತಿಗೆ ಸಾಲ ಸಿಕ್ಕಾಗ ಅವರು ಮಾಲು ತಡೆದಿಟ್ಟು ಮಾರಿದರು; ಸಾಲದ ಹಣದ ಮೇಲೆ ಶೇ. 29ರಷ್ಟು ಪ್ರತಿಫಲ ಬಂತು. ಬಹಳ ಮಂದಿಗೆ ಸಾಲ ಸಿಕ್ಕ ಕಡೆ ಪೇಟೆಯ ಏರಿಳಿತವೇ ಕಡಿಮೆಯಾಗಿ, ಸಾಲ ಪಡೆಯದ ನೆರೆಯವರಿಗೂ ಅನುಕೂಲವಾಯಿತು. ಅಂದರೆ 1985ರಲ್ಲಿ ನಮ್ಮ ಗದ್ದುಗೆಯ ಮುಂದೆ ಕೂತು ಆ ರೈತರು ಕೇಳಿದ್ದನ್ನೇ ಅಲ್ಲಿ ಕೊಟ್ಟು ನೋಡಿದ್ದರು.

ಅಂಥ ವ್ಯವಸ್ಥೆ ನಮ್ಮ ಮಹಾರಾಷ್ಟ್ರದಲ್ಲಿ ಇಲ್ಲದೆ ಇರಲಿಲ್ಲ. ರಾಜ್ಯದ ಕೃಷಿ ಪಣನ ಮಂಡಳಿ 1990-91ರಿಂದಲೇ ಮಾಲು ಒತ್ತೆಯಿಟ್ಟು ಸಾಲ ಕೊಡುವ ಯೋಜನೆ ನಡೆಸಿದೆ. ಆದರೆ ಅದನ್ನು ನಾವು ಯಾವ ರೈತನಿಗೂ ಬಾಯಿಬಿಟ್ಟು ಹೇಳಿರಲಿಲ್ಲ. ಗೋದಾಮಿಗೆ ಹೋದ ಮಾಲು ನಮ್ಮ ತಕ್ಕಡಿಗೆ ಬರುವುದಿಲ್ಲ ಎಂಬ ಅಳುಕು ಒಳಗೊಳಗೆ ಇತ್ತು. ಒಪ್ಪಿಕೊಳ್ಳಲು ನಾಚಿಕೆ ಏಕೆ?

ಆ ರೈತರು ಈಗಿಲ್ಲ. ಮಗ ತೊಗರಿ ಬೆಳೆಯುತ್ತಾನೆ. ಒಂದು ಸುಗ್ಗಿಯಲ್ಲಿ ಧಾರಣೆ ಕೆಳಗಿದ್ದಾಗ ಅವನು ಮಾಲು ತಂದ. ತೂಗಿಸುವ ಮೊದಲು ನಾವೇ ಅವನನ್ನು ಕರೆದುಕೊಂಡು ಮಾರುಕಟ್ಟೆ ಸಮಿತಿಯ ಗೋದಾಮಿಗೆ ಹೋದೆವು. ಮಾಲಿನ ಬೆಲೆಯ ಶೇ. 75ರಷ್ಟು ಹಣ, ಶೇ. 6ರ ಬಡ್ಡಿ, ಆರು ತಿಂಗಳ ಮುದ್ದತು. ಆ ವರ್ಷ ಅವನಿಗೆ ನಾಲ್ಕು ಕಾಸು ಹೆಚ್ಚು ಸಿಕ್ಕಿತು. ಮರುವರ್ಷ ಧಾರಣೆ ಏರಲೇ ಇಲ್ಲ. ಬಡ್ಡಿ ಕಳೆದರೆ ಉಳಿದದ್ದು ಅಷ್ಟಕ್ಕಷ್ಟೆ. ಬೇಸರವಾಯಿತೇನಪ್ಪಾ ಎಂದು ಕೇಳಿದರೆ, "ಇಲ್ರೀ ಸಾವಕಾರ್ರ, ಮಾರೂದು ಯಾವಾಗ ಅಂತ ನಾನ ಠರಾಯಿಸಿದ್ನೆಲ್ಲಾ" ಎಂದ. ಎರಡೂ ವರ್ಷ ಮಾಲು ಮಾರಿದ್ದು ನಮ್ಮ ಅಂಗಡಿಯಲ್ಲಿಯೇ. ನಮ್ಮ ಅಳುಕೂ ಹುಸಿಯಾಯಿತು.

ಸಮಾಜ ಬಾಂಧವರಲ್ಲಿ ಒಂದು ಬಿನ್ನಹ. ಈ ದೀಪಾವಳಿಗೆ ಹೊಸ ಕೀರ್ದಿ ಬರೆಯುವ ಮುನ್ನ ಹಳೆಯದೊಂದನ್ನು ಬಿಚ್ಚಿ ನೋಡಿ. ಫಾಲ್ಗುಣದಲ್ಲಿ ಮಾರಿದವನು ಶ್ರಾವಣದಲ್ಲಿ ಕೊಂಡದ್ದು ಕಣ್ಣಿಗೆ ಬಿದ್ದರೆ, ಅವನನ್ನಾಗಲಿ ಅವನ ಮಕ್ಕಳನ್ನಾಗಲಿ ಕರೆಸಿ, ಗೋದಾಮಿನ ದಾರಿ ತೋರಿಸಿ. 1985ರ ಆ ಪುಸ್ತಕವನ್ನು ನಾವು ಮತ್ತೆ ಅಟ್ಟಕ್ಕೆ ಏರಿಸಲಿಲ್ಲ. ಗದ್ದುಗೆಯ ಪಕ್ಕದಲ್ಲಿಯೇ ಇಟ್ಟುಕೊಂಡಿದ್ದೇವೆ.