ಕಟ್ಟು ನಮಗೆ, ಕಾಳು ಅವಕ್ಕೆ

ಹುರುಳಿಕಾಳಿಗೆ ನಮ್ಮ ಕಡೆ ಹುಳ್ಳಿ ಅಂತಲೇ ಹೆಸರು. ಹೊಳೆನರಸೀಪುರದ ಹತ್ತಿರದ ನಮ್ಮೂರಿನಲ್ಲಿ ಉಳುಮೆ ಶುರುವಾಯಿತೆಂದರೆ ಹಿತ್ತಲ ಕಲ್ಲೊಲೆಯ ಮೇಲೆ ದೊಡ್ಡ ಮಡಕೆ ಏರುತ್ತಿತ್ತು. ನಸುಕಿನಲ್ಲೇ ಎದ್ದು ಅಜ್ಜಿ ಹುಳ್ಳಿ ಬೇಯಲು ಹಾಕುತ್ತಿದ್ದಳು. ನೊರೆ ಉಕ್ಕಿ ಇಳಿದ ಮೇಲೆ ಸೌಟಿನಿಂದ ನಾಲ್ಕು ಕಾಳು ತೆಗೆದು ಬೆರಳ ನಡುವೆ ಹಿಸುಕಿ ನೋಡುವಳು. ಸಿಪ್ಪೆ ಬಿರಿದು ಒಳಗು ನುಣ್ಣಗಾಗಿದ್ದರೆ ಮಡಕೆಯ ಬಾಯಿಗೆ ತಟ್ಟೆ ಅಡ್ಡ ಹಿಡಿದು ಬಸಿಯುವಳು. ಕಂದು ಬಣ್ಣದ, ಬೆರಳಿಗೆ ಅಂಟುವಂಥ ಕಟ್ಟು ಇಳಿಯುತ್ತಿತ್ತು. ಕಟ್ಟು ಅಡುಗೆಮನೆಗೆ, ಕಾಳು ಕೊಟ್ಟಿಗೆಗೆ. "ಕಟ್ಟು ನಮ್ಗೆ, ಕಾಳು ಅವ್ಕೆ" ಅನ್ನುವುದು ಅವಳ ದಿನದ ಮಾತು.

ಬೆಳ್ಳುಳ್ಳಿ, ಒಣಮೆಣಸಿನಕಾಯಿ, ಕಾಯಿ, ಹುಣಸೆ ಅರೆದು ಹಾಕಿ ಕುದಿಸಿದ ಆ ಸಾರು ಮಾರನೆಯ ದಿನಕ್ಕೆ ಇನ್ನೂ ರುಚಿ. ಹಳೆ ಮನೆಗಳಲ್ಲಿ ಕೊಟ್ಟಿಗೆಯೂ ಒಂದೇ ಸೂರಿನ ಕೆಳಗೆ ಇರುತ್ತಿತ್ತು. ನಾವು ಮುದ್ದೆ ಮುರಿದು ಸಾರಿಗೆ ಅದ್ದುವಾಗ ಗೋಡೆಯಾಚೆ ಎತ್ತುಗಳು ಬೂಸ ಕಲೆಸಿದ ಹುಳ್ಳಿ ಮೆಲ್ಲುವ ಸದ್ದು ಕೇಳುತ್ತಿತ್ತು. ರಾಗಿಯದೂ ಇದೇ ಹಂಚಿಕೆ. ತೆನೆ ನಮಗೆ, ಹುಲ್ಲು ಅವಕ್ಕೆ.

ಬೆಂಗಳೂರಿನ ಹಾಸ್ಟೆಲಿನಲ್ಲಿ ಒಬ್ಬ ಗೆಳೆಯ ನನ್ನ ಡಬ್ಬಿಯ ಸಾರು ನೋಡಿ, "ದನ ತಿನ್ನೋದನ್ನ ನೀವೂ ತಿಂತೀರಾ?" ಅಂದಿದ್ದ. ಆ ಮಾತು ಇವತ್ತಿಗೂ ಮನಸ್ಸಿನಲ್ಲಿ ಚುಚ್ಚುತ್ತದೆ. ಇಂಗ್ಲಿಷರು ಇದನ್ನು ಕುದುರೆಗೆ ಹಾಕುವುದು ನೋಡಿ ಹಾರ್ಸ್ ಗ್ರಾಮ್ ಅಂತ ಹೆಸರಿಟ್ಟರು. ಆ ಹೆಸರೇ ಕಾಳಿಗೆ ಕೀಳು ಪಂಕ್ತಿ ಹಾಕಿತು ಅಂತ ನನಗೆ ಅನ್ನಿಸುತ್ತದೆ. ನೂರು ಗ್ರಾಂ ಹುಳ್ಳಿಯಲ್ಲಿ ಸುಮಾರು 22 ಗ್ರಾಂ ಪ್ರೋಟೀನ್ ಇದೆ. ಮಳೆ ಕೈಕೊಟ್ಟ ವರ್ಷವೂ ಕೆಂಪುಮಣ್ಣಿನ ಬೆದ್ದಲಲ್ಲಿ ಅಷ್ಟೋ ಇಷ್ಟೋ ಕೈಗೆ ಹತ್ತುವ ಕಾಳು ಇದು. ಇದು ಉಷ್ಣ, ಚಳಿಗಾಲಕ್ಕೆ ಒಳ್ಳೆಯದು, ಮೂತ್ರದ ಕಲ್ಲು ಕರಗಿಸುತ್ತದೆ ಅಂತ ಜನ ನಂಬಿದ್ದಾರೆ. ಎತ್ತಿಗೂ ಅದೇ ಲೆಕ್ಕ: ಜಡಿಮಳೆಯಲ್ಲಿ ನೆನೆದು ಬಂದ ಜೋಡಿಗೆ ಅಪ್ಪ ಒಂದು ಹಿಡಿ ಹೆಚ್ಚು ಹಾಕುತ್ತಿದ್ದರು. ಮಾತಿನಲ್ಲಿ ಹುರುಳಿಲ್ಲ ಅಂತ ಯಾರಾದರೂ ಅಂದರೆ ನನಗೆ ಮೊದಲು ಕಣ್ಣಿಗೆ ಬರುವುದು ಆ ಮಡಕೆ.

ಚನ್ನರಾಯಪಟ್ಟಣ ತಾಲ್ಲೂಕಿನ ಬೂಕನಬೆಟ್ಟದ ದನಗಳ ಜಾತ್ರೆ ಸಂಕ್ರಾಂತಿ ಹೊತ್ತಿನದು. ಅಲ್ಲಿಗೆ ಹಳ್ಳಿಕಾರ್ ಜೋಡಿ ಹೊಡೆದುಕೊಂಡು ಹೋಗಬೇಕೆಂದರೆ ತಿಂಗಳುಗಟ್ಟಲೆ ಮೊದಲೇ ಸಾಕಣೆ ಬೇರೆಯಾಗುತ್ತದೆ. ಹುಳ್ಳಿ, ಹತ್ತಿಬೀಜ, ಹಿಂಡಿಯ ಜೊತೆಗೆ ಬೆಣ್ಣೆ, ಹಸಿಮೊಟ್ಟೆ. ಎತ್ತಿನ ತಲೆ ಮೇಲೆತ್ತಿ ಹಿಡಿದು, ಬಿದಿರಿನ ಗೊಟ್ಟವನ್ನು ದವಡೆಯ ಪಕ್ಕದಿಂದ ಬಾಯೊಳಗೆ ಸೇರಿಸಿ ನಿಧಾನವಾಗಿ ಸುರಿಯುತ್ತಾರೆ. ಗಂಟಲಿನ ಗಂಗೆದೊಗಲು ಅಲುಗಿದರೆ ಗುಟುಕು ಇಳಿಯಿತು ಅಂತ ಅರ್ಥ. ನಮ್ಮ ದೊಡ್ಡಪ್ಪ ಶನಿವಾರ ಮೊಟ್ಟೆ ಮುಟ್ಟಿದವರಲ್ಲ. ಎತ್ತಿಗೆ ಮಾತ್ರ ಶನಿವಾರವೂ ತಪ್ಪಿಸುತ್ತಿರಲಿಲ್ಲ. ಹುಲ್ಲು ತಿನ್ನುವ ಪ್ರಾಣಿಗೆ ಮೊಟ್ಟೆ ಯಾಕೆ ಅಂತ ಕೇಳಿದರೆ, "ಕೂದ್ಲು ನೋಡ್ಲಾ, ಹೆಂಗ್ ಮಿಂಚ್ತದೆ" ಅನ್ನುತ್ತಿದ್ದರು.

ಹುಲ್ಲು ತಿನ್ನುವ ಹಸು ಮೂಳೆ ಕಡಿಯುವುದನ್ನೂ ನೋಡಿದ್ದೇನೆ. ನಮ್ಮ ಕೆಂದ ಹಸು ಬೀಳುಹೊಲದಲ್ಲಿ ಬಿದ್ದಿದ್ದ ಒಣ ಮೂಳೆಯೊಂದನ್ನು ಬಾಯಲ್ಲಿಟ್ಟುಕೊಂಡು ಅರ್ಧ ದಿನ ಬಿಟ್ಟಿರಲಿಲ್ಲ. ಊರವರು ಯಾರದೋ ದೃಷ್ಟಿ ಅಂದರು. ಮೇವಿನಲ್ಲಿ ರಂಜಕ ಕಡಿಮೆಯಾದರೆ ದನ ಹೀಗೆ ಮೂಳೆ ಹುಡುಕುತ್ತದೆ ಅಂತ ದನದ ಡಾಕ್ಟರು ಹೇಳಿ ಖನಿಜದ ಪುಡಿ ಕೊಟ್ಟರು. ಅದೇ ವರ್ಷ ಬಾಣಂತನಕ್ಕೆ ಬಂದಿದ್ದ ಅಕ್ಕ ಮೊದಲ ಮಳೆಗೆ ನೆನೆದ ಗೋಡೆಯ ಮಣ್ಣನ್ನು ಉಗುರಿನಲ್ಲಿ ಕೆರೆದು ಕದ್ದು ತಿನ್ನುತ್ತಿದ್ದಳು. ರಕ್ತ ಪರೀಕ್ಷೆ ಮಾಡಿಸಿದರೆ ಕಬ್ಬಿಣದ ಕೊರತೆ. ಅಲ್ಲಿಯವರೆಗೆ ಅವಳನ್ನು ಎಲ್ಲರೂ ಗದರಿದ್ದೆವು, ನಾನೂ. ಹಸುವನ್ನು ಮಾತ್ರ ಯಾರೂ ಗದರಿರಲಿಲ್ಲ. ಅದು ನೆನಪಾದರೆ ಈಗಲೂ ಸಂಕಟವಾಗುತ್ತದೆ.

ತಿನ್ನುವುದರ ಹಾಗೆ ಬಿಡುವುದಕ್ಕೂ ನಮ್ಮ ಜಿಲ್ಲೆಯಲ್ಲಿ ದೊಡ್ಡ ಪರಂಪರೆ ಇದೆ. ಮುಂಗಾರಿನ ಆಲೂಗೆಡ್ಡೆಗೆ ಹಾಸನ ಹೆಸರುವಾಸಿ. ಅದೇ ಜಿಲ್ಲೆಯ ಶ್ರವಣಬೆಳಗೊಳದಲ್ಲಿ ನೇಮದ ಜೈನರ ಅಡುಗೆಮನೆಗೆ ಆಲೂಗೆಡ್ಡೆ ಹೋಗುವುದಿಲ್ಲ. ನೆಲದೊಳಗಿನ ಗೆಡ್ಡೆ ಕಿತ್ತರೆ ಎಷ್ಟೋ ಜೀವ ಹೋಗುತ್ತದೆ ಅಂತ. ಅಲ್ಲಿನ ಚಂದ್ರಗಿರಿಯ ಬಂಡೆಯ ಮೇಲೆ, 981ರಲ್ಲಿ ಎದುರು ಬೆಟ್ಟದ ಗೊಮ್ಮಟ ನಿಲ್ಲುವುದಕ್ಕೆ ಶತಮಾನಗಳ ಮೊದಲೇ, ಅನ್ನನೀರು ಬಿಟ್ಟು ಸಲ್ಲೇಖನದಿಂದ ದೇಹ ತ್ಯಜಿಸಿದವರ ಹೆಸರುಗಳಿವೆ. ಅವುಗಳ ಮುಂದೆ ನಿಂತಾಗಲೆಲ್ಲ ನನಗೆ ಮಾತು ಬರುವುದಿಲ್ಲ.

ಇತ್ತ ಆಲೂರು, ಸಕಲೇಶಪುರ, ಅರಕಲಗೂಡಿನ ಕಡೆ ಬಿಡದೆ ತಿನ್ನಲೇಬೇಕಾದ ಜೀವಿ ಆನೆ. ಒಂದು ದಿನಕ್ಕೆ 150 ಕಿಲೋದಷ್ಟು ಮೇವು ಬೇಕು, ತಿಂದದ್ದರಲ್ಲಿ ಅರ್ಧವೂ ಮೈಗೆ ಹತ್ತುವುದಿಲ್ಲ. ಬೈನೆ, ಬಿದಿರು ಸಿಗದಿದ್ದರೆ ಹಾಲುಗಟ್ಟಿದ ಭತ್ತ, ಬಾಳೆ, ಹಲಸು. ಗದ್ದೆ ಕಳೆದುಕೊಂಡವರ ಕಣ್ಣೀರೂ ನಿಜ, ಆನೆಯ ಹೊಟ್ಟೆಯೂ ನಿಜ. ಹೈಕೋರ್ಟಿನ ಆದೇಶದ ಮೇಲೆ 2014ರ ಸುಮಾರಿಗೆ ಈ ಭಾಗದಿಂದ 20ಕ್ಕೂ ಹೆಚ್ಚು ಆನೆ ಹಿಡಿದು ಸಾಗಿಸಿದರು.

ಆಮೇಲೊಮ್ಮೆ ಕಾವೇರಿ ದಂಡೆಯ ಆನೆ ಶಿಬಿರವೊಂದಕ್ಕೆ ಹೋಗಿದ್ದೆ. ಸಂಜೆ ತೆಂಗಿನಕಾಯಿಗಿಂತ ದಪ್ಪನೆಯ ರಾಗಿಮುದ್ದೆ ಕಟ್ಟಿ, ನಡುವೆ ಬೆಲ್ಲ ಒತ್ತಿ ಆನೆಯ ಬಾಯಿಗೆ ಇಡುತ್ತಿದ್ದರು. ಆನೆ ಸೊಂಡಿಲು ಮೇಲೆತ್ತಿ, ಬಾಯಿ ತೆರೆದು, ಕಣ್ಣು ಅರೆಮುಚ್ಚಿ ನಿಂತಿತ್ತು. ಪಕ್ಕದ ಒಲೆಯ ಹಂಡೆಯಿಂದ ನನಗೆ ತೀರಾ ಗುರುತಿನ ವಾಸನೆ ಬಂತು. ಬಗ್ಗಿ ನೋಡಿದರೆ ಹುಳ್ಳಿ.

"ಕಟ್ಟು ಏನ್ ಮಾಡ್ತೀರಣ್ಣ?" ಅಂತ ಮಾವುತನನ್ನು ಕೇಳಿದೆ.

"ಸಾರಿಗೆ ಇಟ್ಕತೀವಿ ಬುದ್ಧಿ" ಅಂದ.